ಅಕ್ಷರಕ್ಕೊಂದು ಅಂಕಿ

'ಅಕ್ಷರ' ಎಂಬ ಪದಕ್ಕೆ ನಾಶವಿಲ್ಲದ್ದು ಎಂದು ಅರ್ಥ. ಕ್ಷರ ಎಂದರೆ ಅಳಿಯುವುದು. ಅಳಿಯದೆ ನಿಲ್ಲುವುದು ಅಕ್ಷರ. ವರ್ಣಮಾಲೆಯ ಪಾಠವನ್ನು ಆರಂಭಿಸುವಾಗ ನಾವು ಪ್ರತಿ ವರ್ಷವೂ ಈ ಮಾತನ್ನು ಹೇಳುತ್ತೇವೆ. ಮಕ್ಕಳೂ ತಪ್ಪದೆ ಬರೆದುಕೊಳ್ಳುತ್ತಾರೆ. ಆದರೆ ಗಣಕಯಂತ್ರದ ಒಳಗೆ ಹೊಕ್ಕ ಅಕ್ಷರವು ಅಳಿಯದೆ ಉಳಿಯುವುದು ಯಾವುದರ ಬಲದಿಂದ? ಈ ಪ್ರಶ್ನೆ ನಮಗೆ ಬಹಳ ಕಾಲ ಹೊಳೆದೇ ಇರಲಿಲ್ಲ. ಅದನ್ನು ನಮಗೆ ಕಲಿಸಿದ್ದು ಒಂದು ಪಟ್ಟಿ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಿದ ಮಕ್ಕಳ ಪಟ್ಟಿ ಒಂದು. ದಾಖಲಾತಿ ಪುಸ್ತಕದಿಂದ ತೆಗೆದ ಪಟ್ಟಿ ಇನ್ನೊಂದು. ಎರಡನ್ನೂ ಹೋಲಿಸಿ ಕಳುಹಿಸಬೇಕಾಗಿತ್ತು. ಹೆಸರು, ತಂದೆಯ ಹೆಸರು, ಊರು, ಇಷ್ಟೂ ಒಂದೇ ಆಗಿದ್ದರೆ ಸರಿ. ಕೈಯಿಂದ ಗುರುತು ಹಾಕುತ್ತಾ ಹೋದರೆ ಎರಡು ದಿನದ ಕೆಲಸ. ಯಂತ್ರಕ್ಕೆ ಒಪ್ಪಿಸಿದೆವು, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿತು. ನಮ್ಮ ಊರು ಕೂಕಲ್ತೊರೈಯ ಒಬ್ಬ ಹುಡುಗಿಯ ಸಾಲಿನ ಮುಂದೆ ಮಾತ್ರ 'ಇಲ್ಲ' ಎಂದು ಬಂತು.

ಆಕೆ ಎರಡು ಪಟ್ಟಿಯಲ್ಲೂ ಇದ್ದಳು. ಎರಡು ಸಾಲುಗಳನ್ನೂ ಒಂದರ ಕೆಳಗೆ ಒಂದನ್ನು ಇಟ್ಟು ನೋಡಿದೆವು. ಒಂದು ಕೊಂಬೂ ಹೆಚ್ಚಿಲ್ಲ, ಒಂದು ಒತ್ತೂ ಕಡಿಮೆಯಿಲ್ಲ. ಮೂವರು ಅಧ್ಯಾಪಕರು ಕನ್ನಡಕ ಒರೆಸಿಕೊಂಡು ನೋಡಿದರು. ಕಾಗುಣಿತದಲ್ಲಿ ತಪ್ಪು ಹುಡುಕುವುದರಲ್ಲಿಯೇ ನಮ್ಮ ಅರ್ಧ ಆಯುಸ್ಸು ಕಳೆದಿದೆ. ಆದರೂ ನಮಗೆ ತಪ್ಪು ಸಿಕ್ಕಲಿಲ್ಲ. ಮರುದಿನವೇ ಪಟ್ಟಿ ಹೋಗಬೇಕು. ಯಂತ್ರ ಹೇಳಿದ್ದೇ ಸರಿ ಎಂದು ನಂಬುವವರು ಆ ಜಾಗದಲ್ಲಿದ್ದರೆ ಆ ಮಗುವಿನ ಹೆಸರಿನ ಮೇಲೆ ಗೀಟು ಬೀಳುತ್ತಿತ್ತು.

ಆ ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ಬಂದಿದ್ದ. ವಿಷಯ ಕೇಳಿ, "ಅಕ್ಷರವನ್ನು ನೋಡಬೇಡಿ, ಅಂಕಿಯನ್ನು ನೋಡೋಣ" ಎಂದ. ನಾಲ್ಕು ಸಾಲಿನ ಒಂದು ಚಿಕ್ಕ ಆಜ್ಞಾಪತ್ರವನ್ನು ಬರೆದು ಎರಡು ಪಟ್ಟಿಗಳಲ್ಲಿದ್ದ ಊರಿನ ಹೆಸರನ್ನೂ ಅಂಕಿಗಳಾಗಿ ಬಿಡಿಸಿದ. ಒಂದು ಕಡೆ 9 ಅಂಕಿಗಳು ಬಂದವು. ಇನ್ನೊಂದು ಕಡೆ 10. ಕಣ್ಣಿಗೆ ಒಂದೇ ಆಗಿದ್ದುದು ಯಂತ್ರಕ್ಕೆ ಎರಡಾಗಿತ್ತು! ಆ ಹತ್ತನೆಯ ಅಂಕಿ ಎಲ್ಲಿಂದ ಬಂತು ಎಂಬುದನ್ನು ತಿಳಿಯಬೇಕಾದರೆ ಮೊದಲು ಅಕ್ಷರ ಅಂಕಿಯಾಗುವ ಬಗೆಯನ್ನು ತಿಳಿಯಬೇಕು.

ಅಂಕಿ ಹೋಗುತ್ತದೆ, ಅಕ್ಷರ ತಲುಪುತ್ತದೆ

ಗಣಕಯಂತ್ರಕ್ಕೆ ಅ ಗೊತ್ತಿಲ್ಲ, ಆ ಗೊತ್ತಿಲ್ಲ. ಅದು ಬಲ್ಲದ್ದು ವಿದ್ಯುತ್ತಿನ ಎರಡು ಸ್ಥಿತಿಗಳನ್ನು ಮಾತ್ರ. ಅವುಗಳನ್ನು ನಾವು 0 ಮತ್ತು 1 ಎಂದು ಕರೆಯುತ್ತೇವೆ. ಅವನ್ನು ಸಾಲಾಗಿ ಜೋಡಿಸಿದರೆ ಸಂಖ್ಯೆಯಾಗುತ್ತದೆ. ಆದುದರಿಂದ ಅಕ್ಷರವನ್ನು ಯಂತ್ರದೊಳಗೆ ಇಡಬೇಕಾದರೆ ಅದಕ್ಕೊಂದು ಸಂಖ್ಯೆ ಕೊಡಲೇಬೇಕು.

ಇದೇನೂ ಹೊಸ ಉಪಾಯವಲ್ಲ. ತಂದೆತಾಯಂದಿರಿಗೆ ಅಂಚೆ ಇಲಾಖೆಯ ಶುಭಾಶಯ ತಂತಿ ನೆನಪಿರಬಹುದು. 2013ರ ಜುಲೈ ತಿಂಗಳಿನಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತುಹೋಯಿತು. ಅದು ಇದ್ದಾಗ ಮದುವೆಗೆ, ಹಬ್ಬಕ್ಕೆ ಶುಭಾಶಯ ಕಳುಹಿಸಲು ಇಡೀ ವಾಕ್ಯವನ್ನು ಕಳುಹಿಸಬೇಕಾಗಿರಲಿಲ್ಲ. ಕಚೇರಿಯಲ್ಲಿ ಒಂದು ಪಟ್ಟಿ ಇರುತ್ತಿತ್ತು. ಪ್ರತಿಯೊಂದು ಶುಭಾಶಯಕ್ಕೂ ಒಂದು ಸಂಖ್ಯೆ. ಈ ಕಡೆಯಿಂದ ಸಂಖ್ಯೆ ಮಾತ್ರ ತಂತಿಯಲ್ಲಿ ಹೋಗುತ್ತಿತ್ತು. ಆ ಕಡೆಯ ಕಚೇರಿಯವರು ತಮ್ಮ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ನೋಡಿ ಪೂರ್ತಿ ವಾಕ್ಯವನ್ನು ಬರೆದುಕೊಡುತ್ತಿದ್ದರು. ಎರಡೂ ಕಡೆ ಒಂದೇ ಪಟ್ಟಿ ಇದ್ದುದರಿಂದ ಇದು ನಡೆಯಿತು. ಈ ಕಡೆ ಒಂದು ಪಟ್ಟಿ, ಆ ಕಡೆ ಇನ್ನೊಂದು ಪಟ್ಟಿ ಆಗಿದ್ದರೆ ಮದುವೆ ಮನೆಗೆ ಪರೀಕ್ಷೆಯ ಶುಭಾಶಯ ತಲುಪುತ್ತಿತ್ತು!

ಗಣಕಯಂತ್ರದ ಅಕ್ಷರಗಳ ಕಥೆಯೂ ಇಷ್ಟೇ. ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾಗಿ 1967ರಲ್ಲಿ ತಿದ್ದುಪಡಿಯಾದ 'ಆಸ್ಕಿ' ಎಂಬ ಪಟ್ಟಿ ಇಂಗ್ಲಿಷಿಗೆ ಆಧಾರವಾಯಿತು. ಅದರಲ್ಲಿ 0ಯಿಂದ 127ರವರೆಗೆ ಒಟ್ಟು 128 ಸ್ಥಾನಗಳಿವೆ. ದೊಡ್ಡ ಅಕ್ಷರ ಎ ಗೆ 65, ಬಿ ಗೆ 66, ಹೀಗೆ ಝಡ್‌ಗೆ 90. ಸಣ್ಣ ಅಕ್ಷರ ಎ ಗೆ 97. ಯಾವ ಅಕ್ಷರವನ್ನೇ ತೆಗೆದುಕೊಂಡರೂ ದೊಡ್ಡದಕ್ಕೂ ಸಣ್ಣದಕ್ಕೂ 32ರ ಅಂತರ. ಖಾಲಿ ಜಾಗಕ್ಕೂ ಒಂದು ಸಂಖ್ಯೆ ಇದೆ, ಅದು 32. ಸಾಲು ಮುಗಿಯಿತು ಎಂದು ಹೇಳುವ ಕಾಣದ ಗುರುತಿಗೂ ಇದೆ, ಅದು 10.

ಶೆಲ್ ಎಂಬ ಚಿಪ್ಪು

ಈಗ ಅಕ್ಷರದ ಸಂಖ್ಯೆಯನ್ನು ಯಂತ್ರದಿಂದಲೇ ಕೇಳಿ ತಿಳಿಯುವುದು ಹೇಗೆ ಎಂಬುದನ್ನು ನೋಡೋಣ. ಯಂತ್ರವನ್ನು ನಡೆಸುವ ವ್ಯವಸ್ಥೆಯ ತಿರುಳಿಗೂ ನಮಗೂ ನಡುವೆ ಇರುವ ಹೊರಪದರಕ್ಕೆ ಶೆಲ್, ಅಂದರೆ ಚಿಪ್ಪು, ಎಂದು ಹೆಸರು. ತೆಂಗಿನ ತಿರುಳಿಗೆ ಕರಟ ಇದ್ದ ಹಾಗೆ. ನಾವು ಒಂದು ಆಜ್ಞೆಯನ್ನು ಬೆರಳಚ್ಚಿಸುತ್ತೇವೆ. ಶೆಲ್ ಅದನ್ನು ಓದಿ ತಿರುಳಿಗೆ ಒಪ್ಪಿಸಿ ಉತ್ತರವನ್ನು ತಂದುಕೊಡುತ್ತದೆ. ಹಲವು ಆಜ್ಞೆಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. ಅಡಿಗೆಯವರಿಗೆ ಬರೆದುಕೊಡುವ ಚೀಟಿಯಂತೆ, ಮೇಲಿನಿಂದ ಕೆಳಕ್ಕೆ ಒಂದೊಂದೇ ಕೆಲಸ ನಡೆಯುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಗೆ ಸ್ಟೀಫನ್ ಬೋರ್ನ್ ಎಂಬವರು ರಚಿಸಿದ ಶೆಲ್ 1979ರಲ್ಲಿ ಹೊರಬಂದಿತು. ಅದೇ ಜಾಡಿನಲ್ಲಿ ಬ್ರಿಯಾನ್ ಫಾಕ್ಸ್ 1989ರಲ್ಲಿ ಹೊರತಂದದ್ದು 'ಬ್ಯಾಶ್'. ಲಿನಕ್ಸ್ ಇರುವ ಯಂತ್ರಗಳಲ್ಲಿ, ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಲಿನಕ್ಸ್‌ನಲ್ಲಿ ಕೂಡ, ಇದು ಸಿಗುತ್ತದೆ. ಆಜ್ಞೆಗಳ ಹೆಸರನ್ನು ನಾವು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಯಂತ್ರದ ಮೇಲೆ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಒತ್ತಬೇಕು.

ಬೇಕಾದ ಆಜ್ಞೆ 'ಪ್ರಿಂಟ್‌ಎಫ್'. ಇದಕ್ಕೆ ಎರಡು ಸಂಗತಿ ಹೇಳಬೇಕು: ಉತ್ತರ ಯಾವ ರೂಪದಲ್ಲಿ ಬೇಕು, ಮತ್ತು ಯಾವುದರ ಉತ್ತರ ಬೇಕು. ಶೇಕಡಾ ಚಿಹ್ನೆಯ ಪಕ್ಕದಲ್ಲಿ ಡಿ ಎಂದು ಬರೆದರೆ 'ದಶಮಾನ ಸಂಖ್ಯೆಯ ರೂಪದಲ್ಲಿ ಬೇಕು' ಎಂದು ಅರ್ಥ. ಅದರ ಮುಂದೆ 7 ಎಂದು ಬರೆದರೆ 7 ಎಂದೇ ಉತ್ತರ ಬರುತ್ತದೆ; ಏಕೆಂದರೆ ಅದು ಸಂಖ್ಯೆ. 7ರ ಬದಲು ದೊಡ್ಡ ಅಕ್ಷರ ಎ ಬರೆದರೆ 'ಇದು ಸಂಖ್ಯೆಯಲ್ಲ' ಎಂದು ಗದರುತ್ತದೆ. ಆದರೆ ಆ ಎ ಹಿಂದೆ ಒಂದೇ ಒಂದು ಉದ್ಧರಣ ಚಿಹ್ನೆಯನ್ನು ಸೇರಿಸಿ ಕೊಡಿ, 65 ಎಂದು ಉತ್ತರ ಬರುತ್ತದೆ. 7ರ ಹಿಂದೆಯೂ ಆ ಚಿಹ್ನೆಯನ್ನು ಸೇರಿಸಿ ನೋಡಿ, ಈಗ 55 ಎಂದು ಬರುತ್ತದೆ!

ಇದರ ಗುಟ್ಟೇನು? 'ಮುಂದಿರುವುದನ್ನು ಬೆಲೆಯೆಂದು ತಿಳಿಯಬೇಡ, ಬರಹವೆಂದು ತಿಳಿ. ಆ ಬರಹದ ಅಂಕಿಯನ್ನು ಹೇಳು' ಎಂಬುದೇ ಆ ಒಂಟಿ ಚಿಹ್ನೆಯ ಅರ್ಥ. ಏಳು ಮಾವಿನ ಹಣ್ಣು ಎನ್ನುವಾಗಿನ ಏಳು ಬೆಲೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ 7 ಆಕಾರ. ಯಂತ್ರಕ್ಕೆ ಇವೆರಡೂ ಬೇರೆ ಬೇರೆ. ಕನ್ನಡದ ೭ ಮೂರನೆಯದು. ಅದರ ಅಂಕಿ 3309.

ಇಲ್ಲಿ ಹೊಸಬರು ಎಡವುವ ಒಂದು ಮೆಟ್ಟಿಲಿದೆ. ಶೆಲ್ ತನಗೆ ಕಂಡ ಉದ್ಧರಣ ಚಿಹ್ನೆಗಳನ್ನು ತಾನೇ ಕಳಚಿಬಿಡುತ್ತದೆ. ಅಂಚೆಯವರು ಬಟವಾಡೆಗೆ ಮೊದಲು ಚೀಲದ ಬಾಯಿ ಬಿಚ್ಚಿದ ಹಾಗೆ. ಆದ್ದರಿಂದ ಒಂಟಿ ಚಿಹ್ನೆಯನ್ನೂ ಅಕ್ಷರವನ್ನೂ ಸೇರಿಸಿ ಹೊರಗಿನಿಂದ ಜೋಡಿ ಉದ್ಧರಣ ಚಿಹ್ನೆಗಳನ್ನು ಹೊದಿಸಬೇಕು. ಶೆಲ್ ಹೊರಗಿನದನ್ನು ಕಳಚುತ್ತದೆ. ಒಳಗಿನದು ಪ್ರಿಂಟ್‌ಎಫ್‌ಗೆ ಕ್ಷೇಮವಾಗಿ ತಲುಪುತ್ತದೆ.

ಒಂದು ಪೂರ್ತಿ ಹೆಸರನ್ನು ಬಿಡಿಸಬೇಕಾದರೆ ಚೀಟಿಯನ್ನು ಹೀಗೆ ಬರೆಯಬೇಕು:

1. ಹೆಸರನ್ನು ಒಂದು ಪೆಟ್ಟಿಗೆಯಲ್ಲಿಡು.
2. ಅದರಲ್ಲಿ ಎಷ್ಟು ಚಿಹ್ನೆಗಳಿವೆ ಎಂದು ಎಣಿಸು.
3. ಸೊನ್ನೆಯ ಸ್ಥಾನದಿಂದ ಆರಂಭಿಸಿ ಒಂದೊಂದನ್ನೇ ಹೊರತೆಗೆ. ಶೆಲ್‌ನ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ.
4. ತೆಗೆದದ್ದರ ಹಿಂದೆ ಒಂಟಿ ಉದ್ಧರಣ ಚಿಹ್ನೆ ಸೇರಿಸಿ ಪ್ರಿಂಟ್‌ಎಫ್‌ಗೆ ಕೊಡು.
5. ಬಂದ ಅಂಕಿಯನ್ನು ಬರೆ. ಹೆಸರು ಮುಗಿಯುವವರೆಗೂ ಹೀಗೆಯೇ ಮಾಡು.

ಕನ್ನಡಕ್ಕೆ ದೊರೆತ ಸ್ಥಾನ

ಆಸ್ಕಿಯ 128 ಸ್ಥಾನಗಳಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ಭಾರತೀಯ ಲಿಪಿಗಳಿಗಾಗಿ 'ಇಸ್ಕಿ' ಎಂಬ ಪಟ್ಟಿ ಸಿದ್ಧವಾಗಿ 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮಾನಕವಾಯಿತು. ಅದೇ ವರ್ಷ ಜಗತ್ತಿನ ಎಲ್ಲ ಲಿಪಿಗಳನ್ನೂ ಒಂದೇ ಪಟ್ಟಿಯಲ್ಲಿ ತರಬೇಕೆಂಬ ಉದ್ದೇಶದ 'ಯೂನಿಕೋಡ್' ತನ್ನ ಮೊದಲ ಆವೃತ್ತಿಯನ್ನು ಪ್ರಕಟಿಸಿತು. ಕನ್ನಡ ಮೊದಲ ಆವೃತ್ತಿಯಿಂದಲೇ ಅದರಲ್ಲಿದೆ. ನಮ್ಮ ಲಿಪಿಗೆ 3200ರಿಂದ 3327ರವರೆಗೆ 128 ಸ್ಥಾನಗಳ ಒಂದು ಕೇರಿಯನ್ನೇ ಬಿಟ್ಟುಕೊಡಲಾಗಿದೆ.

ಆ ಕೇರಿಯಲ್ಲಿ ಕ ಎಂಬ ಅಕ್ಷರದ ಮನೆ ಸಂಖ್ಯೆ 3221. ಖ 3222, ಗ 3223, ಹೀಗೆ ವರ್ಣಮಾಲೆಯ ಕ್ರಮದಲ್ಲಿಯೇ ಮನೆಗಳಿವೆ. ನಾವು ಬಾಯಿಪಾಠ ಮಾಡಿಸುವ ವರ್ಗೀಯ ವ್ಯಂಜನಗಳ ಕ್ರಮ ಇಲ್ಲಿಯೂ ಉಳಿದುಬಂದಿರುವುದು ಸಂತೋಷದ ಸಂಗತಿಯಲ್ಲವೇ? ಈಗ ನಮ್ಮ ಊರಿನ ಹೆಸರನ್ನು ಬಿಡಿಸೋಣ. ಕೂಕಲ್ತೊರೈ:

ಕ: 3221
ಊಕಾರದ ಕೊಂಬು: 3266
ಕ: 3221
ಲ: 3250
ಅರ್ಧಾಕ್ಷರದ ಗುರುತು: 3277
ತ: 3236
ಒಕಾರದ ಗುರುತು: 3274
ರ: 3248
ಐಕಾರದ ಗುರುತು: 3272

ಒಟ್ಟು 9. ಓದುವಾಗ ನಾವು ಕಾಣುವುದು ಕೂ, ಕ, ಲ್ತೊ, ರೈ ಎಂಬ ನಾಲ್ಕೇ ಅಕ್ಷರಗಳನ್ನು. ಯಂತ್ರ ಸಂಯುಕ್ತಾಕ್ಷರವನ್ನು ಕೂಡಿಟ್ಟುಕೊಳ್ಳುವುದಿಲ್ಲ. ವ್ಯಾಕರಣದ ತರಗತಿಯಲ್ಲಿ ನಾವು ಬಿಡಿಸಿ ಬರೆಸುವಂತೆ ಬಿಡಿಸಿಯೇ ಇಡುತ್ತದೆ. ಲ್ತೊ ಎಂದರೆ ಲ, ಅರ್ಧಾಕ್ಷರದ ಗುರುತು, ತ, ಒಕಾರ.

ಇನ್ನೂ ಒಂದು ಲೆಕ್ಕವಿದೆ. ಯಂತ್ರದ ನೆನಪಿನ ಒಂದು ಗೂಡನ್ನು ಬೈಟ್ ಎನ್ನುತ್ತಾರೆ. ಅದರಲ್ಲಿ 0ಯಿಂದ 255ರವರೆಗಿನ ಸಂಖ್ಯೆ ಮಾತ್ರ ಹಿಡಿಸುತ್ತದೆ. 3221 ಅದರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಅದನ್ನು ಮೂರು ಗೂಡುಗಳಿಗೆ ಹಂಚುತ್ತಾರೆ. ಈ ಹಂಚಿಕೆಯ ವಿಧಾನಕ್ಕೆ ಯುಟಿಎಫ್-8 ಎಂದು ಹೆಸರು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು 1992ರಲ್ಲಿ ಇದನ್ನು ರೂಪಿಸಿದರು. ಲೆಕ್ಕ ಬಹಳ ಸುಲಭ. 3221ನ್ನು 64ರಿಂದ ಭಾಗಿಸಿ: ಭಾಗಲಬ್ಧ 50, ಶೇಷ 21. ಮೊದಲ ಗೂಡಿನಲ್ಲಿ 224, ಎರಡನೆಯದರಲ್ಲಿ 128ಕ್ಕೆ 50 ಕೂಡಿಸಿ 178, ಮೂರನೆಯದರಲ್ಲಿ 128ಕ್ಕೆ 21 ಕೂಡಿಸಿ 149. 224, 178, 149 ಎಂದರೆ ಕ. ಕನ್ನಡದ ಯಾವ ಅಕ್ಷರಕ್ಕಾದರೂ ಈ ಲೆಕ್ಕ ಹೊಂದುತ್ತದೆ. ಮೊದಲ ಗೂಡಿನಲ್ಲಿ ಯಾವಾಗಲೂ 224 ಇರುತ್ತದೆ. ಆದುದರಿಂದ ಕೂಕಲ್ತೊರೈ ಕಣ್ಣಿಗೆ 4, ಅಂಕಿಯಲ್ಲಿ 9, ಗೂಡುಗಳಲ್ಲಿ 27.

ಈ ವ್ಯತ್ಯಾಸವನ್ನು ಮರೆತರೆ ಸ್ಕ್ರಿಪ್ಟ್ ತಪ್ಪು ಹೇಳುತ್ತದೆ. ಬ್ಯಾಶ್‌ಗೆ 'ನಾವು ಯುಟಿಎಫ್-8ರಲ್ಲಿ ಬರೆಯುತ್ತಿದ್ದೇವೆ' ಎಂದು ಭಾಷೆಯ ಏರ್ಪಾಡಿನಲ್ಲಿ ತಿಳಿಸಿದ್ದರೆ ಕ ಎಂಬುದಕ್ಕೆ 3221 ಎಂದೇ ಉತ್ತರ ಬರುತ್ತದೆ. ತಿಳಿಸದಿದ್ದರೆ ಅದು ಮೊದಲ ಗೂಡನ್ನು ಮಾತ್ರ ನೋಡಿ ಅದನ್ನೇ ಅಕ್ಷರವೆಂದು ಭಾವಿಸುತ್ತದೆ. ಕೆಲವು ಹಗುರ ಶೆಲ್‌ಗಳೂ ಹೀಗೆಯೇ ಮಾಡುತ್ತವೆ. ಮನೆಗೆ ಬಂದ ಮೂವರಲ್ಲಿ ಮುಂದೆ ನಿಂತವರನ್ನು ಮಾತ್ರ ಎಣಿಸಿದ ಹಾಗೆ! ಚಿಹ್ನೆಗಳೆಷ್ಟು, ಗೂಡುಗಳೆಷ್ಟು ಎಂದು ಎಣಿಸಿ ಹೇಳುವ 'ಡಬ್ಲ್ಯೂಸಿ' ಎಂಬ ಆಜ್ಞೆಯೂ, ಗೂಡುಗಳನ್ನು ತೆರೆದು ತೋರಿಸುವ 'ಓಡಿ' ಎಂಬ ಆಜ್ಞೆಯೂ ಇಂಥ ಸಂದೇಹಗಳನ್ನು ಪರಿಹರಿಸುತ್ತವೆ.

ಹತ್ತನೆಯ ಅಂಕಿ

ಈಗ ಆ ಹುಡುಗಿಯ ಸಾಲಿಗೆ ಬರೋಣ. ತಪ್ಪು ಸಿಕ್ಕಿದ್ದು 'ತೊ' ಎಂಬಲ್ಲಿ. ಒಂದು ಪಟ್ಟಿಯಲ್ಲಿ ಒಕಾರಕ್ಕೆ 3274 ಎಂಬ ಒಂದೇ ಅಂಕಿ ಇತ್ತು. ಇನ್ನೊಂದರಲ್ಲಿ 3270, 3266 ಎಂದು ಎರಡು ಅಂಕಿಗಳಿದ್ದವು. 3270 ಎಕಾರದ ಗುರುತು. 3266 ಊಕಾರದ ಕೊಂಬು. ಎರಡನ್ನೂ ಸೇರಿಸಿ ಬರೆದರೆ ಕಣ್ಣಿಗೆ ಒಕಾರವೇ ಕಾಣುತ್ತದೆ. ಆ ಪಟ್ಟಿಯನ್ನು ಬೆರಳಚ್ಚಿಸಿದವರು ನಾವೇ. ಹಳೆಯ ಕನ್ನಡ ಬೆರಳಚ್ಚು ಯಂತ್ರದಲ್ಲಿ ಪಳಗಿದ ಕೈ. ಎತ್ವವನ್ನು ಒಮ್ಮೆ, ಕೊಂಬನ್ನು ಒಮ್ಮೆ ಒತ್ತುವುದು ಅದರ ರೂಢಿ. ಕಾಗದದ ಮೇಲೆ ಈ ರೂಢಿಯಿಂದ ಯಾವ ಕೇಡೂ ಇರಲಿಲ್ಲ. ಯಂತ್ರದೊಳಗೆ ಅದು ಒಂದು ಮಗುವನ್ನು ಪಟ್ಟಿಯಿಂದ ಹೊರಗೆ ನಿಲ್ಲಿಸಿತು.

ಈ ಎರಡು ಬರವಣಿಗೆಗಳೂ ಸಮಾನವೆಂದೇ ಯೂನಿಕೋಡ್ ಹೇಳುತ್ತದೆ. ಆದರೆ ಸಾಮಾನ್ಯ ಹೋಲಿಕೆಯ ಆಜ್ಞೆ ಅಷ್ಟು ದೂರ ಯೋಚಿಸುವುದಿಲ್ಲ. ಅಂಕಿಗೆ ಅಂಕಿ ತಾಳೆಯಾಗದಿದ್ದರೆ 'ಇಲ್ಲ' ಎನ್ನುತ್ತದೆ. ಪರಿಹಾರವೂ ಸುಲಭ. ಹೋಲಿಸುವುದಕ್ಕೆ ಮೊದಲು 3270, 3266 ಎಂಬ ಜೋಡಿ ಕಂಡಲ್ಲೆಲ್ಲ 3274 ಎಂದು ಬದಲಾಯಿಸುವ ಒಂದು ಸಾಲನ್ನು ಸ್ಕ್ರಿಪ್ಟಿಗೆ ಸೇರಿಸಬೇಕು. ಹೀಗೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದನ್ನು ಏಕರೂಪೀಕರಣ ಎನ್ನಬಹುದು. ಆ ಸಾಲನ್ನು ಸೇರಿಸಿ ಮತ್ತೆ ಹೋಲಿಸಿದೆವು. 'ಇಲ್ಲ' ಎಂಬುದು ಮಾಯವಾಯಿತು. ಆ ಮಗುವಿನ ಹೆಸರು ಪಟ್ಟಿಯಲ್ಲಿ ಉಳಿಯಿತು.

ಇಂಥ ಇನ್ನೊಂದು ಕಾಣದ ಅತಿಥಿ ಇದೆ. ಅದರ ಅಂಕಿ 8204. ಅರ್ಧಾಕ್ಷರವನ್ನು ಮುಂದಿನ ಅಕ್ಷರದೊಡನೆ ಕೂಡಿಸಬೇಡ ಎಂದು ಹೇಳುವುದು ಅದರ ಕೆಲಸ. ಕೂಕಲ್‌ತೊರೈ ಎಂದು ಲ್ ಬಿಡಿಯಾಗಿ ಬರೆದರೆ ಅದು ನಡುವೆ ಬಂದು ಕೂರುತ್ತದೆ. ಪದದ ಕೊನೆಯಲ್ಲಿ ಅದು ಕುಳಿತರೆ ಕಣ್ಣಿಗೆ ಕಾಣುವುದೇ ಇಲ್ಲ. ಅಂಕಿಗೆ ಇಳಿಸಿದಾಗ ಮಾತ್ರ ಸಿಕ್ಕಿಬೀಳುತ್ತದೆ.

ಮೂರು ಲಿಪಿಗಳ ನಾಡಿನಲ್ಲಿ

ನೀಲಗಿರಿಯ ಮಕ್ಕಳಿಗೆ ಲಿಪಿಗಳು ಹೊಸವಲ್ಲ. ಬಸ್ಸಿನ ಹಲಗೆಯನ್ನು ತಮಿಳಿನಲ್ಲಿ ಓದಿ, ಪಾಠವನ್ನು ಕನ್ನಡದಲ್ಲಿ ಓದಿ, ಅರ್ಜಿಯನ್ನು ಇಂಗ್ಲಿಷಿನಲ್ಲಿ ತುಂಬುವವರು ನಾವು. ಬಡಗ ನುಡಿಯನ್ನು ಕನ್ನಡ ಲಿಪಿಯಲ್ಲೂ ಬರೆಯುವುದುಂಟು, ತಮಿಳು ಲಿಪಿಯಲ್ಲೂ ಬರೆಯುವುದುಂಟು. ಯೂನಿಕೋಡ್ ಭಾರತೀಯ ಲಿಪಿಗಳನ್ನು ಇಸ್ಕಿಯ ಮಾದರಿಯಲ್ಲಿ ಒಂದೇ ಅಚ್ಚಿನಲ್ಲಿ ಜೋಡಿಸಿದೆ. ತಮಿಳಿನ ಕ 2965. ಅದಕ್ಕೆ 256 ಕೂಡಿಸಿ: 3221, ಕನ್ನಡದ ಕ! ತೆಲುಗಿನ ಕ 3093. ಅದಕ್ಕೆ 128 ಕೂಡಿಸಿದರೂ 3221. ಒಂದು ಕೂಡುವ ಲೆಕ್ಕದಿಂದ ಲಿಪಿ ಬದಲಾಗುತ್ತದೆ.

ಆದರೆ ಲೆಕ್ಕ ಬಲ್ಲದ್ದು ಲಿಪಿಯನ್ನು ಮಾತ್ರ, ಉಚ್ಚಾರಣೆಯನ್ನಲ್ಲ. ತಮಿಳಿನಲ್ಲಿ ಕ, ಗ ಎರಡು ಧ್ವನಿಗಳಿಗೂ ಒಂದೇ ಅಕ್ಷರ. ತ, ದ ಎರಡಕ್ಕೂ ಒಂದೇ. 256 ಕೂಡಿಸಿದರೆ ಗ ಎಂದು ಓದಬೇಕಾದ ಕಡೆಯಲ್ಲೂ ಕ ಎಂದೇ ಬರುತ್ತದೆ. ಅಲ್ಲಿ ನುಡಿ ಬಲ್ಲ ಮನುಷ್ಯ ಬೇಕು.

ಇನ್ನೊಂದು ವಿನೋದವಿದೆ. ತಮಿಳಿನ ವಿಶಿಷ್ಟ ಅಕ್ಷರವಾದ ಳ಼ಕಾರಕ್ಕೆ 2996 ಎಂಬ ಮನೆ. 256 ಕೂಡಿಸಿದರೆ 3252. ಕನ್ನಡದ ಕೇರಿಯಲ್ಲಿ ಆ ಮನೆ ಖಾಲಿ. ನಮ್ಮ ಹಳಗನ್ನಡದಲ್ಲಿಯೂ ಆ ಧ್ವನಿ ಇತ್ತು. ೞ ಎಂದು ಬರೆಯುತ್ತಿದ್ದರು. ಅದು ಈಗ ಇರುವುದು 3294ನೆಯ ಮನೆಯಲ್ಲಿ. ಯೂನಿಕೋಡ್ ಪಟ್ಟಿ ಮಾಡಿದವರು ಅದರ ಹೆಸರನ್ನು ತಪ್ಪಾಗಿ 'ಫ' ಎಂದು ಬರೆದುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಾಯಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಇಂದಿಗೂ ಹಾಗೆಯೇ ಇದೆ. ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ ಅಷ್ಟೆ. ನಿಯಮ ಕಠಿಣವೆನಿಸಬಹುದು. ಆದರೆ ಪಟ್ಟಿ ಬದಲಾಗುತ್ತಾ ಹೋದರೆ ನಿನ್ನೆ ಬರೆದದ್ದನ್ನು ನಾಳೆ ಓದುವುದು ಹೇಗೆ?

ಪಟ್ಟಿ ಕಳೆದುಹೋದರೆ

ಇದು ಬರಿಯ ಊಹೆಯ ಮಾತಲ್ಲ. ನಮ್ಮ ಬಳಿ ಹಳೆಯ ವಾರ್ಷಿಕ ಸಂಚಿಕೆಯೊಂದರ ಕಡತವಿದೆ. ಹೊಸ ಯಂತ್ರದಲ್ಲಿ ಅದನ್ನು ತೆರೆದಾಗ ಒಂದು ಕನ್ನಡ ಅಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು ಹೊತ್ತ ವಿದೇಶೀ ಅಕ್ಷರಗಳು, ಹಣದ ಚಿಹ್ನೆಗಳು ಸಂತೆಯಂತೆ ಸೇರಿದ್ದವು. 'ಕನ್ನಡ' ಎಂಬ ಪದವಿರಬೇಕಾದ ಕಡೆಯಲ್ಲಿ ಇದ್ದ ಅಂಕಿಗಳು ಇವು: 80, 192, 163, 192, 223, 113, 192.

ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡಿಗರು ಕೈ ಕಟ್ಟಿ ಕುಳಿತಿರಲಿಲ್ಲ. ಒಂದು ಗೂಡಿನಲ್ಲಿ ಹಿಡಿಸುವ 256 ಸ್ಥಾನಗಳಲ್ಲಿಯೇ ಕನ್ನಡದ ಆಕಾರದ ತುಣುಕುಗಳನ್ನು ಕೂರಿಸಿದರು. ಇಂಗ್ಲಿಷಿನ ಪಿ ಕೂರುವ 80ನೆಯ ಸ್ಥಾನದಲ್ಲಿ ತಲೆಕಟ್ಟಿಲ್ಲದ ಕ ಎಂಬುದರ ಒಡಲು, 192ರಲ್ಲಿ ತಲೆಕಟ್ಟು. ಎರಡೂ ಸೇರಿ ಕ. 81ರಲ್ಲಿ ಕಿ ಇಡಿಯಾಗಿ ಒಂದೇ ತುಣುಕು. ಹೀಗೆ 163, 192 ಸೇರಿ ನ. 223 ನ ಒತ್ತು. 113, 192 ಸೇರಿ ಡ. ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಕೀಲಿಮಣೆಯ ವಿನ್ಯಾಸಕ್ಕೆ ಹೆಸರಾದ ಕೆ. ಪಿ. ರಾವ್ ಅವರ ದುಡಿಮೆ ಇವೆಲ್ಲ ಇಲ್ಲದಿದ್ದರೆ ಆ ದಿನಗಳಲ್ಲಿ ಯಂತ್ರದ ಮೇಲೆ ಕನ್ನಡ ಮೂಡುತ್ತಲೇ ಇರಲಿಲ್ಲ. ಅವರ ಋಣ ನಮ್ಮ ಮೇಲಿದೆ. ಆದರೆ ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ 80 ಎಂದರೆ ಪಿ ಮಾತ್ರ. ಆಗ ಕನ್ನಡ ಓದಲು ಬಾರದ ಬರಹವಾಗುತ್ತದೆ.

ಆ ಕಡತವನ್ನು ಬದುಕಿಸಲು ನಾವು ಒಂದು ಸ್ಕ್ರಿಪ್ಟ್ ಮಾಡಿಸಿಕೊಂಡೆವು. ಹಳೆಯ ಅಂಕಿಗಳ ಪಟ್ಟಿ ಎಡಕ್ಕೆ, ಹೊಸ ಅಂಕಿಗಳು ಬಲಕ್ಕೆ. 80, 192 ಎಂದಿದ್ದರೆ 3221. ಒತ್ತು ಬಂದರೆ ಅದರ ಹಿಂದೆ 3277 ಸೇರಿಸಬೇಕು. ಮೊದಮೊದಲು ಸರಿಯಾಗಿಯೇ ನಡೆಯಿತು. 'ಸೂರ್ಯ' ಎಂಬಲ್ಲಿ ಮುಗ್ಗರಿಸಿತು. ಅರ್ಕಾವತ್ತನ್ನು ನಾವು ಬರೆಯುವುದು ಯ ಆದ ಮೇಲೆ. ಉಚ್ಚರಿಸುವುದು ಯ ಎನ್ನುವ ಮೊದಲು. ಹಳೆಯ ಶೈಲಿಗಳು ಬರೆಯುವ ಕ್ರಮವನ್ನು ಹಿಡಿದವು. ಯೂನಿಕೋಡ್ ಉಚ್ಚರಿಸುವ ಕ್ರಮವನ್ನು ಹಿಡಿದಿದೆ. ಅರ್ಕಾವತ್ತು ಕಂಡಲ್ಲೆಲ್ಲ ರ, 3277 ಎಂದು ಮಾಡಿ ಹಿಂದಿನ ವ್ಯಂಜನದ ಮುಂದಕ್ಕೆ ಸಾಗಿಸಬೇಕು ಎಂಬ ನಿಯಮವನ್ನು ಹೇಳಿಕೊಟ್ಟವರು ಗಣಕ ಬಲ್ಲವರಲ್ಲ, ಕನ್ನಡ ಅಧ್ಯಾಪಕರಾದ ನಾವು! ವ್ಯಾಕರಣ ಏತಕ್ಕೆ ಸರ್ ಎಂದು ಕೇಳುವ ಮಕ್ಕಳು ಇದನ್ನು ನೆನಪಿನಲ್ಲಿಡಲಿ.

ಕೆಲವು ಪುಟಗಳು ಹಾಗೆ ಮರಳಿ ಬಂದವು. ಅವುಗಳಲ್ಲಿ ಈಗ ತಾಯಿಯಾಗಿರುವ ಒಬ್ಬ ಹಳೆಯ ವಿದ್ಯಾರ್ಥಿನಿ ಒಂಬತ್ತನೆಯ ತರಗತಿಯಲ್ಲಿ ಬರೆದ ಪುಟ್ಟ ಪ್ರಬಂಧವೂ ಇತ್ತು. ಅದನ್ನು ಅಚ್ಚು ತೆಗೆದು ಕೊಟ್ಟಾಗ ಆಕೆ ಬಹಳ ಹೊತ್ತು ಓದುತ್ತಾ ನಿಂತಳು.

ತಂದೆತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳ ಹೆಸರನ್ನು ಯಂತ್ರದಲ್ಲಿ ತುಂಬಿಸುವಾಗ ಯೂನಿಕೋಡಿನಲ್ಲಿಯೇ ತುಂಬಿಸಿ, ಎಲ್ಲ ದಾಖಲೆಗಳಲ್ಲೂ ಒಂದೇ ಬಗೆಯಾಗಿ ತುಂಬಿಸಿ. ಯಂತ್ರ 'ಇಲ್ಲ' ಎಂದರೆ ಎದೆಗುಂದಬೇಡಿ. ಅಂಕಿಯನ್ನು ನೋಡಿ ಎಂದು ಕೇಳುವ ಹಕ್ಕು ನಿಮಗಿದೆ. ಮನೆಯಲ್ಲಿ ಹಳೆಯ ಕಡತಗಳಿದ್ದರೆ ಓದಬಲ್ಲ ಯಂತ್ರ ಇರುವಾಗಲೇ ಅವನ್ನು ಹೊಸ ಪಟ್ಟಿಗೆ ಬದಲಾಯಿಸಿಡಿ.

ಅಕ್ಷರ ಅಳಿಯದು ಎಂದು ಹಿರಿಯರು ಹೇಳಿದ್ದು ನಿಜ. ಕಲ್ಲಿನ ಮೇಲೆ ಅದನ್ನು ಕಾಯುವುದು ಕಲ್ಲು. ತಾಳೆಗರಿಯ ಮೇಲೆ ಕಾಯುವುದು ಪ್ರತಿ ಮಾಡುವವರ ಕೈ. ಯಂತ್ರದೊಳಗೆ ಕಾಯುವುದು ನಾವೆಲ್ಲರೂ ಒಪ್ಪಿಕೊಂಡ ಒಂದು ಪಟ್ಟಿ. ಆ ಒಪ್ಪಂದಕ್ಕೆ ತಪ್ಪದಿದ್ದರೆ ಮಾತ್ರ ಅಕ್ಷರ ಅಕ್ಷರವಾಗಿ ಉಳಿಯುತ್ತದೆ.

ವಿದ್ಯಾರ್ಥಿಗಳೇ, ಇನ್ನು ನಿಮ್ಮ ಸರದಿ. ನಿಮ್ಮ ಹೆಸರನ್ನು ಅಂಕಿಗೆ ಇಳಿಸಿ ನೋಡಿ. ಅದಕ್ಕೆ ಮೊದಲು ಈ ಒಗಟನ್ನು ಬಿಡಿಸಿ: 3254, 3262, 3250, 3270. ಕ ಎಂಬುದರಿಂದ ಎಣಿಸುತ್ತಾ ಹೋಗಿ. ನಮಗೆ ಹಳಗನ್ನಡದ ಱ 3249ರಲ್ಲಿದೆ, 3241 ಮತ್ತು 3252 ಖಾಲಿ ಮನೆಗಳು ಎಂಬುದನ್ನು ಮರೆಯಬೇಡಿ. 3262 ದೀರ್ಘದ ಗುರುತು. ಉತ್ತರ ಸಿಕ್ಕಿದವರು ಅದನ್ನು ಹೇಳಲು ಎಲ್ಲಿಗೂ ಹೋಗಬೇಕಾಗಿಲ್ಲ. ನೀವು ದಿನವೂ ಬರುವ ಜಾಗವೇ ಅದು.